ಬಂದು ಹೋದವರ ವೇಷ ತೊಡುವ ಊರು

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ ಪೆರು ದೇಶದ ಪೂರ್ವದಲ್ಲಿ ಕಡಿದಾಗಿ ಇಳಿದು ಅಮೆಜಾನಿನ ಕಾಡನ್ನು ಸೇರುತ್ತದೆ. ಆ ಇಳಿಜಾರಿಗೆ ಸ್ವಲ್ಪ ಮೊದಲು, ಸಮುದ್ರಮಟ್ಟದಿಂದ ಸುಮಾರು 2,900 ಮೀಟರ್ ಎತ್ತರದಲ್ಲಿ, ಮಪಾಚೊ ನದಿಯ ದಂಡೆಯ ಮೇಲೆ ಪೌಕಾರ್ತಾಂಬೊ ಎಂಬ ಊರಿದೆ. ಕುಸ್ಕೊ ಪ್ರದೇಶಕ್ಕೆ ಸೇರಿದ ಈ ಊರು ಅದೇ ಹೆಸರಿನ ಜಿಲ್ಲೆಯ ಕೇಂದ್ರವೂ ಹೌದು. ಅಲ್ಲಿ ಜಿಲ್ಲೆಯೆಂದರೆ ಪ್ರಾಂತದ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ತಾಲ್ಲೂಕು. ಕೆಚುವಾ ಭಾಷೆಯಲ್ಲಿ 'ಪೌಕಾರ್' ಎಂದರೆ ಹೂವು ತುಂಬಿದ್ದು, ಬಣ್ಣ ತುಂಬಿದ್ದು. 'ತಾಂಬೊ' ಎಂದರೆ ದಾರಿಹೋಕರು ತಂಗುವ ಛತ್ರ. ಈ ಹೆಸರಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೂವಲ್ಲ, ಛತ್ರ. ಏಕೆಂದರೆ ಈ ಊರಿನ ಹಬ್ಬ, ಬೆಳೆ, ನಂಬಿಕೆಗಳಲ್ಲಿ ಬಹುಪಾಲು ಈ ದಾರಿಯಲ್ಲಿ ಬಂದು ಹೋದವರಿಂದಲೇ ರೂಪುಗೊಂಡವು.

ದಕ್ಷಿಣದ ಎತ್ತರದ ಬಯಲಿನಿಂದ ಕೊಲ್ಯಾ ವರ್ತಕರು ಲಾಮಾ ಪ್ರಾಣಿಗಳ ಬೆನ್ನ ಮೇಲೆ ಸರಕು ಹೇರಿಕೊಂಡು ಇಲ್ಲಿಗೆ ಬರುತ್ತಿದ್ದರು. ಕೆಳಗಿನ ಬೆಚ್ಚನೆಯ ಕಣಿವೆಗಳಿಂದ ಕೋಕಾ ಎಲೆ ಮೇಲೇರಿ ಬರುತ್ತಿತ್ತು. ನಮ್ಮಲ್ಲಿ ವೀಳ್ಯದೆಲೆಗೆ ಶುಭಕಾರ್ಯದಲ್ಲಿಯೂ ಮಾತುಕತೆಯಲ್ಲಿಯೂ ಎಂತಹ ಸ್ಥಾನವಿದೆಯೋ, ಆಂಡೀಸಿನ ಜನರಲ್ಲಿ ಕೋಕಾ ಎಲೆಗೆ ಅಂತಹ ಸ್ಥಾನವಿದೆ. ಬಿಳಿ ಸುಣ್ಣದ ಗೋಡೆ, ನೀಲಿ ಬಣ್ಣದ ಬಾಗಿಲು ಮತ್ತು ಮರದ ಉಪ್ಪರಿಗೆಗಳಿರುವ ಮನೆಗಳ ಸಾಲು ಮುಗಿಯುವಲ್ಲಿ, ಸ್ಪೇನಿನ ದೊರೆ ಮೂರನೆಯ ಕಾರ್ಲೊಸ್‌ನ ಹೆಸರು ಹೊತ್ತ ಕಲ್ಲಿನ ಕಮಾನು ಸೇತುವೆ ಇಂದಿಗೂ ನಿಂತಿದೆ.

ಪ್ರತಿವರ್ಷ ಜುಲೈ ತಿಂಗಳ ನಡುವಿನಲ್ಲಿ ಇಲ್ಲಿ ಕಾರ್ಮೆನ್ ಮಾತೆಯ, ಅಂದರೆ ಯೇಸುವಿನ ತಾಯಿ ಮೇರಿಯ ಒಂದು ರೂಪದ, ಹಬ್ಬ ನಡೆಯುತ್ತದೆ. ಊರವರು ಅವಳನ್ನು 'ಮಮಾಚಾ ಕಾರ್ಮೆನ್', ಅಂದರೆ ಕಾರ್ಮೆನ್ ಅಮ್ಮ ಎಂದು ಕರೆಯುತ್ತಾರೆ. ಕೊಲ್ಯಾ ವರ್ತಕ ಹೆಂಗಸೊಬ್ಬಳು ಸರಕು ಇಳಿಸುವಾಗ ಮಡಕೆಯೊಳಗೆ ಹೊಳೆಯುವ ಸುಂದರ ಶಿರವೊಂದು ಕಂಡಿತೆಂದೂ, ಅದಕ್ಕೆ ಮರದ ದೇಹವನ್ನು ಕೆತ್ತಿಸಿ ಮೂರ್ತಿಯಾಗಿ ನಿಲ್ಲಿಸಿದರೆಂದೂ ಒಂದು ಐತಿಹ್ಯವಿದೆ. ಊರಿನ ದೇವಿಯೇ ಸಂತೆಯ ಸರಕಿನೊಡನೆ ಬಂದವಳು ಎಂಬ ಈ ಕಥೆ ಎಷ್ಟು ಉಚಿತವಾಗಿದೆ ನೋಡಿ.

ಜುಲೈ 15ರಂದು ಕುಣಿತದ ಮೇಳಗಳು ಊರನ್ನು ಪ್ರವೇಶಿಸುತ್ತವೆ; ಅಂದಿನ ರಾತ್ರಿ ಚೌಕದಲ್ಲಿ ಬೆಂಕಿ ಹಾಕಿ ಕುಣಿಯುತ್ತಾರೆ. 16 ಮುಖ್ಯ ದಿನ. ಪೂಜೆಯ ನಂತರ ದೇವಿಯ ಉತ್ಸವಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಒಂದೊಂದು ಮೇಳಕ್ಕೂ ಅದರದೇ ವೇಷ, ಮುಖವಾಡ, ವಾದ್ಯ ಮತ್ತು ಹೆಜ್ಜೆಯ ಕ್ರಮವಿದೆ. ಆ ವರ್ಷದ ಊಟೋಪಚಾರ ಮತ್ತು ವಾದ್ಯದವರ ಖರ್ಚನ್ನು ವಹಿಸಿಕೊಂಡವನನ್ನು 'ಕಾರ್ಗುಯೊಕ್', ಅಂದರೆ ಹೊಣೆ ಹೊತ್ತವನು, ಎಂದು ಕರೆಯುತ್ತಾರೆ. ಕುಸ್ಕೊ, ಲಿಮಾ ನಗರಗಳಲ್ಲಿ ದುಡಿಯುತ್ತಿರುವ ಊರಿನ ಮಕ್ಕಳು ದೇವಿಗೆ ಹೊತ್ತ ಹರಕೆ ತೀರಿಸಲು ಹಬ್ಬಕ್ಕೆ ಮರಳಿ ಬಂದು ಮುಖವಾಡ ಕಟ್ಟುತ್ತಾರೆ.

ಈ ವೇಷಗಳನ್ನು ಒಂದೊಂದಾಗಿ ನೋಡಬೇಕು. ಕಾಪಾಕ್ ಕೊಲ್ಯಾಗಳು ಬಿಳಿ ಉಣ್ಣೆಯಲ್ಲಿ ಹೆಣೆದ ಮುಖವಾಡ ಧರಿಸಿ, ಜೀವಂತ ಲಾಮಾವನ್ನು ಹಿಡಿದು ಬರುವ ವರ್ತಕರು. ಕಾಪಾಕ್ ಚುಂಚುಗಳು ತಲೆಯ ಮೇಲೆ ಗರಿಯ ಕಿರೀಟ, ಕೈಯಲ್ಲಿ ತಾಳೆಮರದ ಭರ್ಜಿ ಹಿಡಿದ ಕಾಡಿನವರು. ದೇವಿಯ ಅಂಗರಕ್ಷಕರ ಸ್ಥಾನ ಇವರದು. ಉದ್ದ ಮೂಗಿನ ಮುಖವಾಡ, ಚರ್ಮದ ಅಂಗಿ, ಅಗಲ ಅಂಚಿನ ಟೋಪಿ ತೊಟ್ಟು ಗತ್ತಿನಿಂದ ನಡೆಯುವ ಮಹೆನೊಗಳು, ಒಂದು ಕಾಲದಲ್ಲಿ ಮಹೆಸ್ ಕಣಿವೆಯಿಂದ ಹೇಸರಗತ್ತೆಗಳ ಮೇಲೆ ಸಾರಾಯಿ ತಂದು ಮಾರುತ್ತಿದ್ದವರು. ಸಿಕ್ಯಾಗಳು ಕಾನೂನಿನ ಪುಸ್ತಕ ಹಿಡಿದ ವಕೀಲರು. 1879ರಲ್ಲಿ ಆರಂಭವಾದ ಯುದ್ಧದ ನೆನಪಿಗೆ ಚಿಲಿಯವರ ವೇಷವೂ ಇದೆ. ಸಕ್ರಾಗಳೆಂಬ ಪ್ರಾಣಿಮುಖದ ಪಿಶಾಚಿಗಳು ಮನೆಗಳ ಮಾಡು ಮತ್ತು ಉಪ್ಪರಿಗೆಗಳನ್ನು ಹತ್ತಿ ಮೆರವಣಿಗೆಯನ್ನು ಕಾಡಲು ಕಾದಿರುತ್ತವೆ. ಆದರೆ ದೇವಿ ಹತ್ತಿರ ಬಂದಾಗ ಅವಳನ್ನು ನೋಡಲಾರದೆ ಮುಖ ಮುಚ್ಚಿಕೊಳ್ಳುತ್ತವೆ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ ಮೇಳಗಳು ಎರಡು. ಮೊದಲನೆಯದು ಕಾಪಾಕ್ ನೆಗ್ರೊ. ಗುಲಾಮರಾಗಿ ಪೆರುವಿಗೆ ತರಲ್ಪಟ್ಟ ಆಫ್ರಿಕದ ಜನರ ನೆನಪು ಇದು. ವೇಷದಲ್ಲಿ ಸಂಕೋಲೆಯಿದೆ, ದೇವಿಗೆ ಹಾಡುವ ಹಾಡುಗಳಲ್ಲಿ ದುಃಖವಿದೆ. 'ಕಾಪಾಕ್' ಎಂಬ ಮಾತಿಗೆ ಸಿರಿವಂತ, ಘನವಂತ ಎಂದರ್ಥ. ಬದುಕಿನಲ್ಲಿ ಸಿಗದ ಘನತೆಯನ್ನು ಕುಣಿತ ಅವರಿಗೆ ಹೆಸರಿನಲ್ಲಾದರೂ ಕೊಟ್ಟಿದೆ. ಎರಡನೆಯದು ಚುಕ್ಚು. ಬೆಟ್ಟದ ಮೇಲಿನ ಬಡ ರೈತರು ಕೂಲಿಗಾಗಿ ಕಾಡಿನಂಚಿನ ತೋಟಗಳಿಗೆ ಇಳಿದು, ಮಲೇರಿಯಾ ಹತ್ತಿಸಿಕೊಂಡು ಮರಳುತ್ತಿದ್ದರು. ಹಳದಿಗಟ್ಟಿದ ಮುಖವಾಡ, ಮೈಮೇಲೆ ಕಂಬಳಿ, ನಡುಗುವ ಹೆಜ್ಜೆ, ಹಿಂದೆಯೇ ಸೂಜಿ ಹಿಡಿದ ದಾದಿಯರು. ಜನ ನಗುತ್ತಾರೆ, ಆದರೆ ಆ ನಗುವಿನ ಅಡಿಯಲ್ಲಿ ಎಷ್ಟು ಮನೆಗಳ ಸಾವಿದೆ! ಚುಕ್ಚು ಎಂದರೆ ಕೆಚುವಾದಲ್ಲಿ ನಡುಕ, ಮಲೇರಿಯಾಕ್ಕೂ ಅದೇ ಹೆಸರು. ಚಳಿಜ್ವರವೆಂಬ ಮಾತನ್ನು ಕೇಳಿ ಬೆಳೆದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

17ರಂದು ಮೇಳದವರು ಸ್ಮಶಾನಕ್ಕೆ ಹೋಗಿ, ತೀರಿಕೊಂಡ ಹಿರಿಯ ಕುಣಿತಗಾರರನ್ನು ನೆನೆಯುತ್ತಾರೆ. ದೇವಿಯ ಮೆರವಣಿಗೆ ಕಲ್ಲಿನ ಸೇತುವೆಯವರೆಗೆ ಸಾಗುತ್ತದೆ. ಬಳಿಕ ಚೌಕದಲ್ಲಿ ನಡೆಯುವುದು 'ಗೆರಿಯ್ಯಾ', ಅಂದರೆ ಕಾಳಗ. ಕೊಲ್ಯಾಗಳಿಗೂ ಚುಂಚುಗಳಿಗೂ ದೇವಿಯ ವಿಷಯದಲ್ಲಿ ಕದನವಾಗುತ್ತದೆ. ಕೊನೆಗೆ ಕೊಲ್ಯಾಗಳ ನಾಯಕ ಸಾಯುತ್ತಾನೆ, ಚುಂಚುಗಳ ದೊರೆ ಅವನ ಹೆಂಡತಿ ಇಮಿಯ್ಯಾಳನ್ನು ಕರೆದೊಯ್ಯುತ್ತಾನೆ. ಬೆಟ್ಟದ ವರ್ತಕ ಪ್ರತಿವರ್ಷ ಸೋಲುತ್ತಾನೆ, ಕಾಡು ಪ್ರತಿವರ್ಷ ಗೆಲ್ಲುತ್ತದೆ.

ಹಬ್ಬ ಮುಗಿದ ಮೇಲೂ ನೋಡಬೇಕಾದದ್ದು ಈ ಊರಿನ ಸುತ್ತಮುತ್ತ ಬಹಳವಿದೆ. ಕುಸ್ಕೊದಿಂದ ಬರುವ ದಾರಿಯಲ್ಲಿ ನಿನಮಾರ್ಕಾ ಎಂಬಲ್ಲಿ ಇಂಕಾ ಅರಸರಿಗಿಂತ ಹಿಂದಿನ, ದುಂಡನೆಯ ಕಲ್ಲಿನ ಸಮಾಧಿಗೋಪುರಗಳಿವೆ. ಎತ್ತರದ ಕಣಿವೆಗಳಲ್ಲಿ ಕೆರೊ ಸಮುದಾಯದವರು ವಾಸಿಸುತ್ತಾರೆ. 1955ರಲ್ಲಿ ಕುಸ್ಕೊ ವಿಶ್ವವಿದ್ಯಾನಿಲಯದ ತಂಡವೊಂದು ಅಲ್ಲಿಗೆ ಹೋಗಿ ಅವರ ಜೀವನಕ್ರಮವನ್ನು ದಾಖಲಿಸಿತು. 4,000 ಮೀಟರಿಗೂ ಮೇಲೆ ಅಲ್ಪಾಕಾ ಮೇಯಿಸುವುದು, ಅದಕ್ಕಿಂತ ಕೆಳಗೆ ಆಲೂಗಡ್ಡೆ, ಇನ್ನೂ ಕೆಳಗೆ ಮೋಡ ಕವಿದ ಕಾಡಿನಂಚಿನಲ್ಲಿ ಮುಸುಕಿನ ಜೋಳ, ಹೀಗೆ ಒಂದೇ ಕುಟುಂಬ ಮೂರು ಹವಾಮಾನಗಳಲ್ಲಿ ದುಡಿಯುತ್ತದೆ. ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಗೆ ಆಂಡೀಸ್ ಪರ್ವತವೇ ತವರು. ಆದರೆ ಅಲ್ಲಿ ಅದು ಒಂದು ಬಣ್ಣದ್ದಲ್ಲ, ಒಂದು ಆಕಾರದ್ದಲ್ಲ. ಪೆರುವಿನಲ್ಲಿ 3,000ಕ್ಕೂ ಹೆಚ್ಚು ತಳಿಗಳಿವೆ. ಮೈತುಂಬ ಗಂಟುಗಳಿದ್ದು ಸಿಪ್ಪೆ ಸುಲಿಯಲು ಬಾರದ ಒಂದು ತಳಿಗೆ ಕೆಚುವಾದವರು ಇಟ್ಟ ಹೆಸರು 'ಸೊಸೆಯನ್ನು ಅಳಿಸುವುದು' ಎಂದು. ಅದನ್ನು ಸುಲಿಯಲು ಕೊಟ್ಟು ಹೊಸ ಸೊಸೆಯ ಜಾಣ್ಮೆ ನೋಡುತ್ತಿದ್ದರಂತೆ.

ಊರಿನಿಂದ ಪೂರ್ವಕ್ಕೆ, ಬೆಟ್ಟಸಾಲು ಮುಗಿಯುವ ಅಂಚಿನಲ್ಲಿ ತ್ರೆಸ್ ಕ್ರೂಸೆಸ್, ಅಂದರೆ ಮೂರು ಶಿಲುಬೆಗಳು, ಎಂಬ ತಾಣವಿದೆ. 1973ರಲ್ಲಿ ಸ್ಥಾಪಿತವಾಗಿ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮನು ರಾಷ್ಟ್ರೀಯ ಉದ್ಯಾನ ಈ ಅಂಚಿನಿಂದಲೇ ಕೆಳಗಿಳಿಯುತ್ತದೆ. ಅಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಹಬ್ಬದ ದಿನಗಳಲ್ಲಿ ಕುಣಿದು ದಣಿದವರೂ ನೋಡಲು ಬಂದವರೂ ನಡುರಾತ್ರಿ ಕಳೆದ ಮೇಲೆ ವಾಹನ ಹತ್ತಿ, ಕೊರೆಯುವ ಚಳಿಯಲ್ಲಿ ಕಂಬಳಿ ಹೊದ್ದು ಅಲ್ಲಿಗೆ ಹೋಗುತ್ತಾರೆ. ಜುಲೈ ಅಲ್ಲಿ ಒಣಹವೆಯ ಕಾಲ. ಬೆಟ್ಟದ ತಣ್ಣನೆಯ ಗಾಳಿಯೂ ಕಾಡಿನ ಬಿಸಿಯಾದ ತೇವದ ಗಾಳಿಯೂ ಪದರ ಪದರವಾಗಿ ಸೇರುವಲ್ಲಿ ಬೆಳಕು ಬಾಗುತ್ತದೆ. ಆದ್ದರಿಂದ ಮೂಡುವ ಸೂರ್ಯ ಚಪ್ಪಟೆಯಾಗಿ, ಅಲುಗಾಡಿ, ಒಮ್ಮೊಮ್ಮೆ ಎರಡು ಮೂರು ಬಿಂಬಗಳಾಗಿ ಒಡೆದಂತೆ ಕಾಣುತ್ತಾನೆ. ಕೆಳಗಿನ ಕಣಿವೆಗೆ ಕೊಸ್ನಿಪಾಟ, ಅಂದರೆ ಹೊಗೆಯಾಡುವ ತಾಣ, ಎಂದು ಹೆಸರು. ಬಿಸಿಲು ಏರುತ್ತಿದ್ದಂತೆ ಆ ಕಣಿವೆಯಿಂದ ಮಂಜು ಹೊಗೆಯಂತೆ ಮೇಲೇಳುತ್ತದೆ. ಕೋಕಾ ಎಲೆಯ ಹೊರೆಗಳೂ ಚಳಿಜ್ವರದಿಂದ ನಡುಗುತ್ತಿದ್ದ ಕೂಲಿಗಳೂ ಊರಿಗೆ ಹತ್ತಿ ಬರುತ್ತಿದ್ದದ್ದು ಆ ಕಣಿವೆಯಿಂದಲೇ.

ನಮಸ್ಕಾರ.