ಗುಂಡುಸೂಜಿಗೆ ಕಾಂತಗುಣ ಬಂದಿತೇ?

ಕೇಳುಗರಿಗೆ ನಮಸ್ಕಾರ. ಪ್ರಯೋಗದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಗಳನ್ನೂ ಅದನ್ನು ತಿದ್ದುವ ಶಿಕ್ಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಇಂದು ಒಂದೇ ಒಂದು ಕ್ರಿಯಾಪದದ ಬಗ್ಗೆ ಮಾತನಾಡುತ್ತೇನೆ. ಅದು ‘ಮ್ಯಾಗ್ನೆಟೈಸ್’, ಕನ್ನಡದಲ್ಲಿ ಕಾಂತೀಕರಿಸು, ಅಂದರೆ ಕಾಂತವಲ್ಲದ್ದನ್ನು ಕಾಂತವಾಗಿಸು. ಈ ‘ಆಗಿಸು’ ಎಂಬುದರಲ್ಲಿಯೇ ಪದದ ಜೀವವಿದೆ. ನಮ್ಮ ‘ಇಸು’ ಪ್ರತ್ಯಯ ಇಲ್ಲಿ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಐಸ್’ ಪ್ರತ್ಯಯ ಮಾಡುತ್ತದೆ. ಆದ್ದರಿಂದ ಈ ಕ್ರಿಯಾಪದಕ್ಕೆ ಕರ್ಮಪದ ಬೇಕು, ಮತ್ತು ಆ ಕರ್ಮಕ್ಕೆ ಕಾಂತಗುಣ ಬಂದಿರಬೇಕು.

ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ತನ್ನ ಪ್ರಯೋಗದ ಪುಸ್ತಕದಲ್ಲಿ ‘ದ ಮ್ಯಾಗ್ನೆಟ್ ಮ್ಯಾಗ್ನೆಟೈಸ್ಡ್ ದ ಪಿನ್ಸ್’ ಎಂದು ಬರೆದಿದ್ದ. ಕಾಂತವು ಗುಂಡುಸೂಜಿಗಳನ್ನು ಸೆಳೆಯಿತು ಎಂಬುದು ಅವನ ಅಭಿಪ್ರಾಯವಾಗಿತ್ತು. ನಾನು ಕ್ರಿಯಾಪದವನ್ನು ಹೊಡೆದು ಹಾಕಿ, ಅದರ ಮೇಲೆ ‘ಅಟ್ರಾಕ್ಟೆಡ್’ ಎಂದು ಬರೆದೆ. ಮರುದಿನ ಅವನು ಒಂದು ದಂಡಕಾಂತವನ್ನೂ ಹಿಡಿ ಗುಂಡುಸೂಜಿಗಳನ್ನೂ ತಂದು ನನ್ನ ಮೇಜಿನ ಮುಂದೆ ನಿಂತ. ಕಾಂತದ ತುದಿಗೆ ಒಂದು ಸೂಜಿ ಅಂಟಿತು. ಅದರ ಮೊನೆಗೆ ಎರಡನೆಯದನ್ನು ತಾಗಿಸಿದ, ಅದೂ ನೇತಾಡಿತು. ಅದರ ಕೆಳಗೆ ಮೂರನೆಯದೂ ನಿಂತಿತು. “ಎರಡನೆಯ ಸೂಜಿ ಕಾಂತವನ್ನು ಮುಟ್ಟಿಯೇ ಇಲ್ಲ, ಅದನ್ನು ಹಿಡಿದಿರುವುದು ಮೊದಲನೆಯ ಸೂಜಿ. ಹಾಗಾದರೆ ಮೊದಲನೆಯದು ಕಾಂತವಾಗಿದೆಯಲ್ಲವೇ ಸರ್?” ಎಂದು ಕೇಳಿದ. ಅವನು ಹೇಳಿದ್ದು ನಿಜ. ಕಾಂತಕ್ಕೆ ಅಂಟಿರುವಷ್ಟು ಹೊತ್ತು ಸೂಜಿಯೂ ಕಾಂತವೇ. ಭೌತವಿಜ್ಞಾನದಲ್ಲಿ ಇದಕ್ಕೆ ಕಾಂತೀಯ ಪ್ರೇರಣೆ ಎಂದು ಹೆಸರು. ನನಗೆ ಬಹಳ ಸಂತೋಷವಾಯಿತು. ಆದರೂ ಅವನನ್ನು ಹಾಗೆಯೇ ಕಳುಹಿಸಲಿಲ್ಲ. “ನೀನು ನಿನ್ನೆ ಬರೆಯುವಾಗ ಇದನ್ನು ಕಂಡಿದ್ದೆಯಾ?” ಎಂದೆ. ಕಂಡಿರಲಿಲ್ಲ. ಅಲ್ಲಿಯೇ ಕುಳಿತು ಹೊಸ ವಾಕ್ಯ ಬರೆದ: ಕಾಂತವು ಮೊದಲ ಸೂಜಿಯನ್ನು ‘ಅಟ್ರಾಕ್ಟ್’ ಮಾಡಿತು, ಅದನ್ನು ‘ಮ್ಯಾಗ್ನೆಟೈಸ್’ ಕೂಡ ಮಾಡಿತು, ಹೀಗೆ ಕಾಂತವಾದ ಸೂಜಿ ಎರಡನೆಯದನ್ನು ‘ಅಟ್ರಾಕ್ಟ್’ ಮಾಡಿತು. ಎರಡು ಘಟನೆಗಳಿಗೆ ಎರಡು ಕ್ರಿಯಾಪದಗಳು, ಪ್ರತಿಯೊಂದೂ ತನ್ನ ಜಾಗದಲ್ಲಿ. ಅಷ್ಟು ಸ್ವಚ್ಛವಾದ ವಾಕ್ಯವನ್ನು ನಾನು ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಕಂಡದ್ದು ಕಡಿಮೆ.

ಆದ್ದರಿಂದ ಬರೆಯುವ ಮುನ್ನ ಕೇಳಿಕೊಳ್ಳಿ: ಕರ್ಮಕ್ಕೆ ಕಾಂತಗುಣ ಬಂದಿತೇ? ಉಕ್ಕಿನ ಸೂಜಿಯನ್ನು ಕಾಂತದ ಒಂದೇ ಧ್ರುವದಿಂದ ಒಂದೇ ದಿಕ್ಕಿನಲ್ಲಿ ಹಲವು ಬಾರಿ ಉಜ್ಜಿದರೆ ಬರುತ್ತದೆ, ಆಗ ಧೈರ್ಯವಾಗಿ ‘ಮ್ಯಾಗ್ನೆಟೈಸ್’ ಎಂದು ಬರೆಯಿರಿ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಬಂದ ಗುಣ ಹೋಗುತ್ತದೆ, ಅದಕ್ಕೆ ‘ಡಿಮ್ಯಾಗ್ನೆಟೈಸ್’ ಎಂಬ ಪದವಿದೆ. ಬಾಗಿಲಿನ ಕಾಂತವು ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಳ್ಳುತ್ತದೆ ಎಂದಷ್ಟೇ ಹೇಳಬೇಕಾದಲ್ಲಿ ದಯವಿಟ್ಟು ಈ ಪದವನ್ನು ಎಳೆದು ತರಬೇಡಿ. ದೊಡ್ಡ ಪದ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ ಎಂಬ ಭ್ರಮೆಯನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಸಮಯ ಕಡಿಮೆ ಉಳಿದಿದೆ, ಕಾಗುಣಿತದ ಮಾತನ್ನು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಇದನ್ನು ಝಡ್ ಅಕ್ಷರದಿಂದ ಬರೆಯುತ್ತಾರೆ. ಬ್ರಿಟನ್ನಿನಲ್ಲಿ ಎಸ್ ಹೆಚ್ಚು ಬಳಕೆಯಲ್ಲಿದ್ದರೂ ಆಕ್ಸ್‌ಫರ್ಡ್ ನಿಘಂಟುಗಳು ಝಡ್ ಅನ್ನೇ ಮುಂದಿಡುತ್ತವೆ. ಯಾವುದಾದರೂ ಆಗಲಿ, ಒಂದು ಬರಹದಲ್ಲಿ ಒಂದೇ ಇರಲಿ. ‘ಇಂಗ್’ ಸೇರುವಾಗ ಕೊನೆಯ ಇ ಅಕ್ಷರ ಬಿದ್ದುಹೋಗುತ್ತದೆ.

ಗಾಯಕಿಯ ದನಿ ಸಭೆಯನ್ನು ‘ಮ್ಯಾಗ್ನೆಟೈಸ್’ ಮಾಡಿತು ಎಂದು ಕಥೆಗಳಲ್ಲಿ ಓದಿರುತ್ತೀರಿ. ಅಲ್ಲಿ ಅದರ ಅರ್ಥ ಮನಸೆಳೆದು ಹಿಡಿದಿಡುವುದು. ಆ ಅರ್ಥವನ್ನು ಕಥೆಗೆ ಬಿಟ್ಟು, ಪ್ರಯೋಗದ ಪುಸ್ತಕದಲ್ಲಿ ಸೂಜಿಯ ವಿಷಯವನ್ನು ಮಾತ್ರ ಬರೆಯಿರಿ. ನಮಸ್ಕಾರ.