ಕೋಟೆಯೊಳಗೊಂದು ಚರ್ಚು

ನಮಸ್ಕಾರ ಕೇಳುಗರೇ. ಚರ್ಚು ಅಂದಕೂಡಲೇ ಗಂಟೆ, ಶಿಲುಬೆ, ಬಣ್ಣದ ಗಾಜಿನ ಕಿಟಕಿ ನೆನಪಾಗುತ್ತವೆ, ಅಲ್ವಾ? ಬ್ರಿಟನ್ನಿನ ವೇಲ್ಸ್ ನಾಡಿನ ದಕ್ಷಿಣ ಭಾಗದಲ್ಲಿ, ಬ್ರಿಜೆಂಡ್ ಊರಿನ ಹತ್ತಿರ ಯುವೆನಿ ಅಂತ ಒಂದು ಹಳ್ಳಿ ಇದೆ. ಅಲ್ಲಿ ಮೊದಲು ಎದುರಾಗುವುದು ಕೋಟೆಬಾಗಿಲು, ಬುರುಜು, ದಪ್ಪ ಕಲ್ಲುಗೋಡೆ. ಚರ್ಚು ಇರುವುದು ಅದರ ಒಳಗೆ. ಅದರ ಗೋಪುರದ ನೆತ್ತಿಯಲ್ಲೂ ಕೋಟೆಯ ತೆನೆಗಳೇ.

ದೇವರ ಮನೆಗೆ ಇಷ್ಟೊಂದು ಕಾವಲು ಯಾಕೆ?

ಉತ್ತರ ಬೇಕಾದರೆ ಮಾರಿಸ್ ದ ಲೋಂಡ್ರ್ ಎಂಬ ನಾರ್ಮನ್ ಪಾಳೆಗಾರನ ಕಥೆ ಕೇಳಬೇಕು. ನಾರ್ಮನ್ನರು ಅಂದರೆ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು. 1136ರಲ್ಲಿ ವೇಲ್ಸಿನ ಜನ ನಾರ್ಮನ್ನರ ಮೇಲೆ ತಿರುಗಿಬಿದ್ದರು. ಗ್ವೆನ್‌ಲಿಯನ್ ಎಂಬ ರಾಜಕುಮಾರಿ, ಗಂಡ ನೆರವು ಕೇಳಲು ಉತ್ತರಕ್ಕೆ ಹೋಗಿದ್ದಾಗ, ಇಬ್ಬರು ಮಕ್ಕಳನ್ನು ಜೊತೆಗೆ ಕರೆದುಕೊಂಡು ತಾನೇ ಸೈನ್ಯ ನಡೆಸಿ ಕಿಡ್ವೆಲಿ ಎಂಬ ಊರಿಗೆ ಬಂದಳು. ಅಲ್ಲಿ ಎದುರು ನಿಂತವನು ಇದೇ ಮಾರಿಸ್. ಅವಳು ಸೋತಳು, ತಲೆ ಕಡಿದರು. ಒಬ್ಬ ಮಗ ಸತ್ತ, ಇನ್ನೊಬ್ಬ ಸೆರೆಸಿಕ್ಕ.

ಇದಾಗಿ ಐದೇ ವರ್ಷ. 1141ರಲ್ಲಿ ಮಾರಿಸ್ ಯುವೆನಿಯ ಚರ್ಚನ್ನು ಬೆನಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ ಮಾಡಿದ. ಇಂಥ ದಾತ ಕೊಟ್ಟ ಮಠಕ್ಕೆ ಸುತ್ತಲಿನ ಜನ ಕೈಮುಗಿದುಕೊಂಡೇ ಬರುತ್ತಾರೆ ಅಂತ ಯಾರೂ ನಂಬಿ ಕೂರುವ ಹಾಗಿರಲಿಲ್ಲ. ಗೋಡೆ ಎದ್ದಿತು, ಆಮೇಲಿನ ತಲೆಮಾರುಗಳು ಅದನ್ನು ಇನ್ನೂ ಬೆಳೆಸಿದವು.

ಈ ಮಾರಿಸ್ ಎಂಥ ಆಸಾಮಿ ಅಂದರೆ, ತನ್ನ ಕಾಡಿನ ಜಿಂಕೆಗಳನ್ನು ಯಾರೂ ಮುಟ್ಟದಂತೆ ಕಾಯುತ್ತಿದ್ದನಂತೆ. ಹೆಂಡತಿಗೆ ರೋಸಿಹೋಯಿತು. ಒಂದು ಜಿಂಕೆಯ ಹೊಟ್ಟೆಯೊಳಗೆ ಉಣ್ಣೆ ತುಂಬಿಸಿ, ನೋಡಿ, ನಿಮ್ಮ ಜಿಂಕೆಗಳು ನಮ್ಮ ಕುರಿಗಳನ್ನೇ ತಿನ್ನುತ್ತಿವೆ ಅಂದಳು. ಪುಣ್ಯಾತ್ಮ ನಂಬಿ, ಅವುಗಳ ಮೇಲೆ ನಾಯಿ ಬಿಟ್ಟ! 1188ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಪಾದ್ರಿ ಜೆರಾಲ್ಡ್ ಇದನ್ನು ಬರೆದಿಟ್ಟಿದ್ದಾನೆ. ಗ್ವೆನ್‌ಲಿಯನ್ ಕಥೆಯನ್ನು ಹೇಳಿದವನೂ ಅವನೇ.

ಈ ಗೋಡೆ ಕಾದಾಟಕ್ಕಿಂತ ಜಾಸ್ತಿ ಠೀವಿಗೇ ಕಟ್ಟಿದ್ದು ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಬಾಗಿಲಿನಲ್ಲಿ, ಮೇಲಿಂದ ಕೆಳಕ್ಕೆ ಇಳಿಬಿಡುವ ಸರಳುಗಳ ತಡೆಗೂ ಜಾಗ ಮಾಡಿದ್ದಾರೆ. ಸುಮ್ನೆ ಜಂಬಕ್ಕೆ ಇಷ್ಟು ಕಷ್ಟಪಡುತ್ತಾರಾ? ನನಗಂತೂ ಅದರಲ್ಲಿ ಭಯವೂ ಕಾಣುತ್ತದೆ.

ಮಾರಿಸ್‌ನ ಗೋರಿಕಲ್ಲು ಇವತ್ತಿಗೂ ಚರ್ಚಿನ ಒಳಗಿದೆ. ಅವನು ಪಟ್ಟ ಶ್ರಮಕ್ಕೆ ದೇವರು ಫಲ ಕೊಡಲಿ ಅಂತ ಹಳೆಯ ಫ್ರೆಂಚ್ ಭಾಷೆಯಲ್ಲಿ ಕೆತ್ತಿದ್ದಾರೆ. ಯಾವ ಶ್ರಮ ಅಂತ ಅಲ್ಲಿ ಬಿಡಿಸಿ ಹೇಳಿಲ್ಲ.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ ಮೇಲೆ ಯುವೆನಿಯಲ್ಲೂ ಸನ್ಯಾಸಿಗಳು ಉಳಿಯಲಿಲ್ಲ. 1790ರ ದಶಕದಲ್ಲಿ ಚಿತ್ರಕಾರ ಟರ್ನರ್ ಇಲ್ಲಿಗೆ ಬಂದ. ಅವನು ಬಿಡಿಸಿದ ಚಿತ್ರದಲ್ಲಿ ಚರ್ಚಿನ ದೊಡ್ಡ ಕಮಾನುಗಳ ಕೆಳಗೆ ಹಂದಿ, ಕೋಳಿಗಳು ಓಡಾಡಿಕೊಂಡಿವೆ. ಊರಿನವರು ಪ್ರಾರ್ಥನೆ ಮಾಡುತ್ತಿದ್ದ ಭಾಗ ಮಾತ್ರ ಊರಿನವರಿಗೇ ಉಳಿಯಿತು. ಅಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ.