ಅಂಕಿಗಳ ಹಿಂದೆ ಕುಳಿತಿದ್ದ ‘ನಿಮ್ಮ’

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ನನ್ನ ಫೋನಿಗೆ ಎಸ್ಸೆಮ್ಮೆಸ್ ಬಂತು. ಕನ್ನಡದಲ್ಲಿ ಬರಬೇಕಾಗಿದ್ದ ಸಂದೇಶ. ತೆರೆದು ನೋಡಿದರೆ ಬರೀ ಅಂಕಿ, ನಡುನಡುವೆ ಎ, ಬಿ, ಸಿ, ಡಿ. ‘ವೈರಸ್ ಇರಬೇಕು, ಅಳಿಸಿಬಿಡಿ’ ಎಂದರು ಪಕ್ಕದಲ್ಲಿದ್ದವರು. ನನ್ನ ಕಣ್ಣಿಗೆ ಮಾತ್ರ ಒಂದು ವಿಷಯ ಬಿತ್ತು. ನಾಲ್ಕು ಅಂಕಿಗೊಮ್ಮೆ ‘0ಸಿ’ ಮತ್ತೆ ಮತ್ತೆ ಬರುತ್ತಿತ್ತು. ಅದು ಕನ್ನಡವೇ!

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಾಗಾಗಿ ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯ ಪಟ್ಟಿಯಾದ ಯೂನಿಕೋಡ್‌ನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಅದನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ. ಒಂಬತ್ತು ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್. ಬೈಟ್ ಅಂದರೆ ಕಂಪ್ಯೂಟರ್ ಮಾಹಿತಿಯ ಒಂದು ಸಣ್ಣ ಅಳತೆ. ಒಂದು ಬೈಟ್‌ಗೆ ಸರಿಯಾಗಿ ಎರಡು ಅಂಕಿ. ಕನ್ನಡಕ್ಕೆ ಸಿಕ್ಕ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಒಟ್ಟು 128 ಮನೆ. ನಮ್ಮ ‘ಕ’ 0ಸಿ95ರಲ್ಲಿದೆ. ತೆಲುಗಿನ ‘ಕ’ 0ಸಿ15ರಲ್ಲಿ, ಸರಿಯಾಗಿ 128 ಮನೆ ಹಿಂದೆ. ನೆಲದ ಮೇಲೆ ನೆರೆಯವರು, ಇಲ್ಲೂ ನೆರೆಯವರು. ನನಗಂತೂ ಇದು ತುಂಬಾ ಇಷ್ಟ.

ಪೆನ್ಸಿಲ್ ಹಿಡಿದು ಕೂತೆ. ಮೊದಲು 0ಸಿಎ8, ಅದು ‘ನ’. ಆಮೇಲೆ 0ಸಿಬಿಎಫ್, ಗುಡಿಸು. ‘ನ’ಕ್ಕೆ ಗುಡಿಸು ಕೊಟ್ಟರೆ ‘ನಿ’, ಅಲ್ವಾ? ಮುಂದೆ 0ಸಿಎಇ, ‘ಮ’. ಆಮೇಲೆ 0ಸಿಸಿಡಿ, ಮತ್ತೆ 0ಸಿಎಇ. ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ, ನೋಡಿ. ಅರ್ಧ ಮಾಡುವ ಗುರುತು ಹಾಕಿ ಅದೇ ‘ಮ’ವನ್ನು ಇನ್ನೊಮ್ಮೆ ಬರೆದರೆ ‘ಮ್ಮ’. ‘ನಿಮ್ಮ’ ಎಂಬ ಪದ ಸಿಕ್ಕಿತು! ಕಣ್ಣಿಗೆ ಎರಡು ಅಕ್ಷರ, ಒಳಗೆ ಐದು ಸಂಖ್ಯೆ.

ಪ್ರೋಗ್ರಾಂ ಬರೆಯುವವರು ಜಾಸ್ತಿ ಎಡವುವುದು ಇಲ್ಲೇ. ಎಸ್ಸೆಮ್ಮೆಸ್‌ನಲ್ಲಿ ಈ ಐದಕ್ಕೂ ಎರಡೆರಡು ಬೈಟ್. ವೆಬ್‌ನಲ್ಲಿ ಬಳಸುವ ಯುಟಿಎಫ್-8ರಲ್ಲಿ ಮೂರು ಮೂರು. ಅಲ್ಲಿ ಅದೇ ‘ನ’ ಇ0 ಬಿ2 ಎ8 ಆಗುತ್ತದೆ. ಅದಕ್ಕೇ ‘ಹೆಕ್ಸ್ ಮಾಡು’ ಎಂದರೆ ಸಾಲದು, ಯಾವ ಎನ್‌ಕೋಡಿಂಗ್, ಅಂದರೆ ಸಂಖ್ಯೆಯನ್ನು ಬೈಟ್ ಮಾಡುವ ಯಾವ ಕ್ರಮ, ಎಂದೂ ಹೇಳಬೇಕು. ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಮೊದಲು ಎನ್‌ಕೋಡ್, ಆಮೇಲೆ ಹೆಕ್ಸ್. ವಾಪಸ್ ಬರುವಾಗ ಮೊದಲು ಫ್ರಮ್‌ಹೆಕ್ಸ್, ಆಮೇಲೆ ಡಿಕೋಡ್.

ಇನ್ನೊಂದು ಮಾತು. 41 ಎಂಬುದನ್ನು ಹೆಕ್ಸ್ ಸಂಖ್ಯೆ ಎಂದು ಓದಿದರೆ ಇಂಗ್ಲಿಷಿನ ದೊಡ್ಡ ಎ. ಅದನ್ನೇ ನಾಲ್ಕು, ಒಂದು ಎಂಬ ಎರಡು ಅಕ್ಷರಗಳೆಂದು ತಿಳಿದು ಹೆಕ್ಸ್‌ಗೆ ತಿರುಗಿಸಿದರೆ 34 31. ನನಗೆ ಬಂದ ಎಸ್ಸೆಮ್ಮೆಸ್‌ನಲ್ಲೂ ಇಂಥದ್ದೇ ತಪ್ಪಾಗಿತ್ತು. ಹೆಕ್ಸ್ ಆಗಿ ಹೊರಟ ಸಂದೇಶವನ್ನು ದಾರಿಯಲ್ಲಿ ಯಾವುದೋ ಯಂತ್ರ ಮಾಮೂಲಿ ಪಠ್ಯ ಅಂದುಕೊಂಡಿತ್ತು.

ಹಾಗಾದರೂ ಏನೂ ಕಳೆದಿರಲಿಲ್ಲ. ಅದರ ಬದಲು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ? ಒಳಗೆ ಬರೀ ಆ ಚಿಹ್ನೆಯ ಸಂಖ್ಯೆ, 3ಎಫ್, 3ಎಫ್, 3ಎಫ್. ಅಲ್ಲಿಂದ ಕನ್ನಡವನ್ನು ಮತ್ತೆ ತರಲು ಯಾರಿಂದಲೂ ಆಗುವುದಿಲ್ಲ. ನನ್ನ ಸಂದೇಶವನ್ನು ಹತ್ತು ನಿಮಿಷದಲ್ಲಿ ಪೂರ್ತಿ ಓದಿದೆ. ‘ನಿಮ್ಮ ಅರ್ಜಿ ತಲುಪಿದೆ’ ಎಂದಿತ್ತು.

ನಮಸ್ಕಾರ.